ತ್ರಿಪದಿಯ ಗಾನವೂ ಸಂಗೀತದ ಉನ್ನತ ವ್ಯಾಸಂಗವೂ

ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಎಂಬ ಸೀಮೆಗಳು ಈಗಿನ ಹಾವೇರಿ ಜಿಲ್ಲೆಗೆ ಸೇರಿದವು. ಶಿಗ್ಗಾಂವಿ ತಾಲೂಕಿನ ಗೊಟಗೋಡಿಯಲ್ಲಿ 2011ರಲ್ಲಿ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವು ಸ್ಥಾಪಿತವಾದುದರಿಂದ ಹಾಡುಗಬ್ಬದ ಸಂಶೋಧನೆಗೆ ಈ ನೆಲದಲ್ಲಿಯೇ ಒಂದು ವಿದ್ಯಾಪೀಠವು ಒದಗಿದಂತಾಯಿತು. ಆದರೆ ಹಾಡಿನ ವ್ಯಾಸಂಗವೆಂದರೆ ಅದರ ಮಾತುಗಳನ್ನು ಬರೆದುಕೊಳ್ಳುವುದೇ ಎಂಬ ಭಾವನೆಯು ಪಂಡಿತವರ್ಗದಲ್ಲಿ ಇನ್ನೂ ಅಳಿದಿಲ್ಲ. ಗಾನವನ್ನು ಬಿಟ್ಟರೆ ಪದ್ಯದ ಲಕ್ಷಣವೂ ಕೈತಪ್ಪುವುದೆಂಬುದಕ್ಕೆ ತ್ರಿಪದಿಯೊಂದೇ ಸಾಕು.

ಕ್ರಿ.ಶ. 700ರ ಸುಮಾರಿನ ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿ ತ್ರಿಪದಿಯು ಕಾಣಬರುವುದು. ಹಿರೇಕೆರೂರು ಸೀಮೆಯ ಅಬಲೂರು, ಮಾಸೂರುಗಳೊಡನೆ ಹೆಸರು ಬೆಸೆದುಕೊಂಡಿರುವ ಸರ್ವಜ್ಞನ ವಚನಗಳೂ, ಹೆಂಗಸರ ಬೀಸುವ ಕಲ್ಲಿನ ಪದಗಳೂ, ಒಕ್ಕಲಿಗರ ಹಂತಿಯ ಪದಗಳೂ ಇದರಲ್ಲಿಯೇ ಇವೆ. ಇದರಲ್ಲಿ 11 ಗಣಗಳು. 6ನೆಯದೂ 10ನೆಯದೂ ಬ್ರಹ್ಮಗಣ, ಮಿಕ್ಕವು ವಿಷ್ಣುಗಣ. ವಿಷ್ಣುಗಣಕ್ಕೆ 8 ರೂಪಗಳುಂಟು. ಅವುಗಳ ಮಾತ್ರೆಗಳಾದರೋ 4ರಿಂದ 6ರವರೆಗೆ ಏರಿಳಿಯುವುವು. ಬೆರಳೆಣಿಕೆಯಲ್ಲಿ ಪಳಗಿದ ಛಾಂದಸರು ಇದನ್ನು ಕವಿಯ ಶೈಥಿಲ್ಯವೆಂದರೂ ಆಶ್ಚರ್ಯವಿಲ್ಲ. ಹಾಡುವವಳಿಗೆ ಇಲ್ಲಿ ಕೊರತೆಯೇ ತೋರದು. ನಾಲ್ಕು ಮಾತ್ರೆಯ ಗಣವನ್ನು ಎಳೆದು, ಆರು ಮಾತ್ರೆಯದನ್ನು ಕುಗ್ಗಿಸಿ, ಕಲ್ಲಿನ ಸುತ್ತಿಗೆ ಸರಿಗೂಡಿಸುವಳು. ಎರಡನೆಯ ಸಾಲಿನ ಕೆಲವು ಗಣಗಳನ್ನು ಮರಳಿ ಹಾಡಿ ಮೂರನೆಯ ಸಾಲಿಗೆ ಹೊಂದಿಸುವ ರೂಢಿಯೂ ಉಂಟು. ಆಗ ಮೂರು ಸಾಲಿನ ಪದ್ಯವು ಕಿವಿಗೆ ನಾಲ್ಕು ಸಾಲಾಗುವುದು. ಅಚ್ಚಿನ ಪುಸ್ತಕದಲ್ಲಿ ಈ ಆವೃತ್ತಿಯ ಸುಳಿವೇ ಇರದು. ಅಂಶಗಣವನ್ನು ಪಾಠಶಾಲೆಯಲ್ಲಿ ಬೋಧಿಸುವವರು ಒಮ್ಮೆಯಾದರೂ ಹಾಡಿ ತೋರಿಸದಿದ್ದರೆ ವಿದ್ಯಾರ್ಥಿಗೆ ಅದು ಒಗಟಾಗಿಯೇ ಉಳಿಯುವುದು.

ಕಿವಿಯಿಂದ ಕಲಿತ ವಿದ್ಯೆಯು ಶಾಸ್ತ್ರಹೀನವೆಂಬ ಆಕ್ಷೇಪಕ್ಕೆ ಹಾನಗಲ್ಲು ತಾಲೂಕೇ ಉತ್ತರವನ್ನಿತ್ತಿದೆ. ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಜನಿಸಿದ ಪಂಚಾಕ್ಷರ ಗವಾಯಿಗಳು (ನಿಧನ 1944) ದೃಷ್ಟಿಹೀನರು. ಹಾನಗಲ್ಲ ಕುಮಾರಸ್ವಾಮಿಗಳ ಆಶ್ರಯದಲ್ಲಿ ಬೆಳೆದು ಕರ್ನಾಟಕ, ಹಿಂದೂಸ್ಥಾನೀ ಎಂಬ ಉಭಯ ಪದ್ಧತಿಗಳಲ್ಲಿಯೂ ಪಾಂಡಿತ್ಯವನ್ನು ಪಡೆದರು. ಅದೇ ತಾಲೂಕಿನ ದೇವಗಿರಿಯ ಪುಟ್ಟರಾಜ ಗವಾಯಿಗಳು (1914–2010), ಅವರೂ ದೃಷ್ಟಿಹೀನರೇ, ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಗುರುವಿನ ಕಾರ್ಯವನ್ನು ಮುಂದುವರಿಸಿದರು. ಸ್ವರಲಿಪಿಯನ್ನು ಕಣ್ಣಿನಿಂದ ಓದದೆಯೇ ಶಿಷ್ಯಪರಂಪರೆಯು ಬೆಳೆದಿತು.

ಹಿಟ್ಟಿನ ಗಿರಣಿಗಳು ಬಂದಮೇಲೆ ಬೀಸುವ ಕಲ್ಲು ಮೂಲೆಗೆ ಸೇರಿತು. ಮಟ್ಟುಗಳನ್ನು ಬಲ್ಲ ಮುದುಕಿಯರು ಕಡಿಮೆಯಾಗುತ್ತಿದ್ದಾರೆ. ಒಂದೇ ತ್ರಿಪದಿಯನ್ನು ಕಲ್ಲಿನ ಬಳಿಯಲ್ಲೊಮ್ಮೆ, ಕಣದಲ್ಲೊಮ್ಮೆ ಧ್ವನಿಮುದ್ರಿಸಿ, ಪ್ರತಿ ಗಣದ ಕೆಳಗೆ ಸ್ವರವನ್ನೂ ಕಾಲಪ್ರಮಾಣವನ್ನೂ ಗುರುತಿಸುವ ಕಾರ್ಯಕ್ಕೆ ಛಂದೋವಿದನೂ ಗಾಯಕನೂ ಒಟ್ಟಿಗೆ ಕುಳಿತುಕೊಳ್ಳಬೇಕಾಗುವುದು.