ಯೋಧನಿಗೆ ಕಡೆಯ ವಂದನೆ

ನಮ್ಮ ನಾಡಿನ ಹಳ್ಳಿಗಳಲ್ಲಿ, ಕೆರೆಯ ಏರಿಯ ಮೇಲೆಯೂ ಗುಡಿಯ ಮಗ್ಗುಲಲ್ಲಿಯೂ ನಿಂತಿರುವ ವೀರಗಲ್ಲುಗಳನ್ನು ವಾಚಕರು ಕಂಡೇ ಇರುವರು. ತುರುಗಳನ್ನು ಕಾಯಲು ಹೋರಾಡಿ ಮಡಿದವನನ್ನು ನಮ್ಮ ಹಿರಿಯರು ಹೀಗೆ ಕಲ್ಲಿನಲ್ಲಿ ನಿಲ್ಲಿಸಿ ಗೌರವಿಸಿದರು. ಆದರೆ ರಣದಲ್ಲಿ ಕಾದಿ, ಬದುಕಿ ಮರಳಿ, ಬಹುಕಾಲ ಸಂಸಾರವನ್ನು ನಡೆಯಿಸಿ, ಕಡೆಗೆ ಹಾಸಿಗೆಯ ಮೇಲೆ ಕಣ್ಣುಮುಚ್ಚಿದ ಸಾಮಾನ್ಯ ಸಿಪಾಯಿಗೆ ಮರ್ಯಾದೆ ಸಲ್ಲಿಸುವವರಾರು? ಈ ಪ್ರಶ್ನೆಗೆ ಅಮೆರಿಕದ ಸಂಯುಕ್ತ ಸಂಸ್ಥಾನದವರು ಶಾಸನದ ಮೂಲಕ ಉತ್ತರವನ್ನು ಕೊಟ್ಟಿರುವರು.

ಎರಡನೆಯ ಮಹಾಯುದ್ಧದಲ್ಲಿ ಆ ದೇಶದ ಸುಮಾರು 1 ಕೋಟಿ 60 ಲಕ್ಷ ಜನರು ದಂಡಿನಲ್ಲಿ ಸೇವೆ ಮಾಡಿದರು. 1990ರ ದಶಕದಲ್ಲಿ ಅವರು ವೃದ್ಧಾಪ್ಯದಿಂದ ದಿನಂಪ್ರತಿ ದೊಡ್ಡ ಸಂಖ್ಯೆಯಲ್ಲಿ ತೀರಿಕೊಳ್ಳತೊಡಗಿದರು. ಅದೇ ಕಾಲದಲ್ಲಿ ಸೈನ್ಯದ ಸಂಖ್ಯೆಯೂ ಇಳಿಯುತ್ತಿದ್ದುದರಿಂದ, ಮನೆಯವರು ಬೇಡಿದರೂ ಸಂಸ್ಕಾರಕ್ಕೆ ಕಳುಹಿಸಲು ಆಳುಗಳು ಸಾಲದೆ ಹೋದರು. ಆದಕಾರಣ 1999ರಲ್ಲಿ ಒಂದು ಶಾಸನವಾಗಿ, 2000ದ ಜನವರಿ 1ರಿಂದ ಜಾರಿಗೆ ಬಂದಿತು. ಕಳಂಕವಿಲ್ಲದೆ ಸೇವೆಯಿಂದ ಬಿಡುಗಡೆ ಹೊಂದಿದ ಯಾವ ಯೋಧನೇ ಆಗಲಿ, ಅವನ ಮನೆಯವರು ಕೇಳಿಕೊಂಡರೆ, ಕಡಿಮೆಯೆಂದರೆ ಇಬ್ಬರು ಸೈನಿಕರು ಸಮವಸ್ತ್ರದಲ್ಲಿ ಬಂದು ವಂದನೆ ಸಲ್ಲಿಸಬೇಕು. ಅವರಲ್ಲಿ ಒಬ್ಬನಾದರೂ ಮೃತನು ಸೇವೆಮಾಡಿದ ದಳದವನೇ ಆಗಿರಬೇಕು. ಸೇನಾಪತಿಗೆ ಸಲ್ಲುವ ವೈಭವವು ಬೇರೆ. ಆದರೆ ಇಷ್ಟು ಮಾತ್ರ ಕಟ್ಟಕಡೆಯ ಸಿಪಾಯಿಗೂ ಹಕ್ಕಾಗಿ ಸಲ್ಲತಕ್ಕುದು.

ಈ ವಿಧಿಯು ಬಹು ಸರಳವಾದುದು. ಶವಪೆಟ್ಟಿಗೆಯ ಮೇಲೆ ರಾಷ್ಟ್ರಧ್ವಜವನ್ನು ಹೊದಿಸುವರು. ನಕ್ಷತ್ರಗಳಿರುವ ನೀಲಿಯ ಭಾಗವು ಮೃತನ ತಲೆಯ ಕಡೆಗೆ, ಎಡಭುಜದ ಮೇಲೆ ಬರುವಂತಿರಬೇಕು. ಧ್ವಜವನ್ನು ಗುಣಿಗೆ ಇಳಿಸಕೂಡದು. ಕಹಳೆಯನ್ನು ಊದಿದ ಬಳಿಕ ಸೈನಿಕರು ಅದನ್ನೆತ್ತಿ, ನೀಲಿಯೂ ನಕ್ಷತ್ರಗಳೂ ಮಾತ್ರ ಕಾಣುವಂತೆ ತ್ರಿಕೋಣಾಕಾರವಾಗಿ ಮಡಿಸುವರು. ಅನಂತರ ಒಬ್ಬನು ಮಡದಿಯ ಅಥವಾ ಮಕ್ಕಳ ಮುಂದೆ ಮಂಡಿಯೂರಿ, ದೇಶದ ಕೃತಜ್ಞತೆಯನ್ನು ಎರಡು ಮಾತಿನಲ್ಲಿ ತಿಳಿಸಿ, ಅದನ್ನು ಅವರ ಕೈಗೆ ಒಪ್ಪಿಸುವನು.

ಅಲ್ಲಿ ಊದುವ ‘ಟ್ಯಾಪ್ಸ್’ ಎಂಬ ಕಹಳೆಯ ರಾಗಕ್ಕೆ ಇರುವುದು 24 ಸ್ವರಗಳು ಮಾತ್ರ. ಅಮೆರಿಕದ ಅಂತರ್ಯುದ್ಧದಲ್ಲಿ, 1862ರಲ್ಲಿ, ವರ್ಜೀನಿಯಾದ ಬೀಡಿನಲ್ಲಿ ಜನರಲ್ ಡೇನಿಯಲ್ ಬಟರ್‌ಫೀಲ್ಡನು ತನ್ನ ಕಹಳೆಗಾರನಾದ ಆಲಿವರ್ ನಾರ್ಟನ್ನನ ನೆರವಿನಿಂದ ಅದನ್ನು ರೂಪಿಸಿದನು. ದೀಪವಾರಿಸಿ ಮಲಗಿರೆಂದು ದಂಡಿಗೆ ತಿಳಿಸುವುದೇ ಅದರ ಮೊದಲಿನ ಉದ್ದೇಶ. ಅದೇ ವರ್ಷ ಒಬ್ಬ ಫಿರಂಗಿಯವನನ್ನು ಹೂಳುವಾಗ, ವಾಡಿಕೆಯಂತೆ ಮೂರು ಬಾರಿ ಗುಂಡು ಹಾರಿಸಿದರೆ ಹತ್ತಿರದಲ್ಲಿದ್ದ ಶತ್ರುಗಳು ಯುದ್ಧವು ಮತ್ತೆ ಮೊದಲಾಯಿತೆಂದು ತಿಳಿದಾರೆಂದು ಶಂಕಿಸಿ, ಕ್ಯಾಪ್ಟನ್ ಜಾನ್ ಟಿಡ್‌ಬಾಲನು ಗುಂಡಿಗೆ ಬದಲಾಗಿ ಈ ರಾಗವನ್ನು ಊದಿಸಿದನೆಂದು ಹೇಳುವರು. ನಿದ್ರೆಯ ಕರೆಯು ಹೀಗೆ ಚಿರನಿದ್ರೆಯ ಕರೆಯಾಯಿತು.

ಆದರೆ ಶಾಸನವಾದ ಮಾತ್ರಕ್ಕೆ ಕಹಳೆ ಊದಬಲ್ಲವರು ಹುಟ್ಟಿಬರುವರೆ? ಧ್ವನಿಮುದ್ರಿಕೆಯನ್ನು ನುಡಿಸಲು ಶಾಸನವೇ ಅವಕಾಶವಿತ್ತಿತು. 2003ರಲ್ಲಿ ಕಹಳೆಯ ಬಾಯೊಳಗೆ ಅಡಗಿಸಿಡುವ ವಿದ್ಯುದ್ಯಂತ್ರವೊಂದೂ ಬಳಕೆಗೆ ಬಂದಿತು. ಸೈನಿಕನು ಅದನ್ನು ತುಟಿಗೆ ಹಿಡಿದು ನಿಂತರೆ ಸಾಕು, ಯಂತ್ರವೇ ನುಡಿಯುವುದು. ಈ ಯಂತ್ರವು ಎಂದೂ ತಪ್ಪುವುದಿಲ್ಲ. ಆದರೆ 1963ರ ನವೆಂಬರ್ 25ರಂದು ಅಧ್ಯಕ್ಷ ಕೆನೆಡಿಯವರ ಸಂಸ್ಕಾರದಲ್ಲಿ ಸಾರ್ಜೆಂಟ್ ಕೀತ್ ಕ್ಲಾರ್ಕನು ಊದಿದಾಗ ಆರನೆಯ ಸ್ವರವು ಒಡೆಯಿತು. ಅನೇಕರು ಅದನ್ನು ತಪ್ಪೆಂದೆಣಿಸದೆ, ದೇಶದ ಬಿಕ್ಕಳಿಕೆಯೆಂದೇ ಬಗೆದರು. ಉಸಿರಿನಿಂದ ಹೊರಟ ಧ್ವನಿಗೂ ಯಂತ್ರದ ಧ್ವನಿಗೂ ಇರುವ ಅಂತರವು ಇದೇ. ಇದನ್ನರಿತು, ವೇತನವಿಲ್ಲದೆ ಹೋಗಿ ಕಹಳೆ ಊದಿಬರುವ ಸ್ವಯಂಸೇವಕರೂ ಆ ದೇಶದಲ್ಲಿರುವರು. ನಿವೃತ್ತ ಯೋಧರ ಸಂಘಗಳವರು ತಮ್ಮ ಮುಪ್ಪನ್ನೂ ಗಣಿಸದೆ ಬಂದೂಕು ಹಿಡಿದು ಸಾಲಾಗಿ ನಿಲ್ಲುವರು.

ಬಂಧುಗಳೇ ಇಲ್ಲದವನ ಗತಿಯೇನು? 1948ರಲ್ಲಿ ವಾಯುಪಡೆಯ ಮುಖ್ಯಾಧಿಕಾರಿ ಹೊಯ್ಟ್ ವ್ಯಾಂಡನ್‌ಬರ್ಗರ ಪತ್ನಿ ಗ್ಲಾಡಿಸ್ ಅವರು, ಆರ್ಲಿಂಗ್ಟನ್ನಿನ ರಾಷ್ಟ್ರೀಯ ಸ್ಮಶಾನದಲ್ಲಿ ಕೆಲವರ ಸಂಸ್ಕಾರವು ತಮ್ಮವರೆಂಬವರು ಒಬ್ಬರೂ ಇಲ್ಲದೆ ನಡೆಯುತ್ತಿರುವುದನ್ನು ಕಂಡು ನೊಂದರು. ಅವರು ಗೆಳತಿಯರನ್ನು ಕೂಡಿಸಿ, ಪ್ರತಿಯೊಂದು ಸಂಸ್ಕಾರಕ್ಕೂ ಒಬ್ಬ ಮಹಿಳೆಯಾದರೂ ಹೋಗಿ ನಿಲ್ಲುವಂತೆ ಏರ್ಪಡಿಸಿದರು. 1973ರಲ್ಲಿ ಭೂಸೇನೆಯ ಮಹಿಳೆಯರೂ ಈ ಕ್ರಮವನ್ನು ಕೈಕೊಂಡರು. ಸರಕಾರವು ನೆನೆಯದಿದ್ದುದನ್ನು ಗೃಹಿಣಿಯೊಬ್ಬಳು ನೆನೆದಳೆಂಬುದು ಗಮನಿಸತಕ್ಕ ಸಂಗತಿ.

ಮನೆಯವರ ಹೊಣೆಯೂ ಇಲ್ಲಿ ಅಲ್ಪವಲ್ಲ. ಕೇಳದ ಹೊರತು ಈ ಮರ್ಯಾದೆಯು ದೊರೆಯದು. ಕೇಳುವಾಗ ಸೇವೆಯಿಂದ ಬಿಡುಗಡೆಯಾದುದಕ್ಕೆ ಆಧಾರವಾದ ಕಾಗದವನ್ನು ತೋರಿಸಬೇಕಾಗುವುದು. 1973ರ ಜುಲೈಯಲ್ಲಿ ಸೇಂಟ್ ಲೂಯಿಸ್ ನಗರದ ದಾಖಲೆಗಳ ಭಂಡಾರಕ್ಕೆ ಬೆಂಕಿ ಬಿದ್ದು, 1 ಕೋಟಿ 60 ಲಕ್ಷಕ್ಕೂ ಕಡಿಮೆಯಿಲ್ಲದಷ್ಟು ಯೋಧರ ಕಡತಗಳು ಬೂದಿಯಾದವು. ಅಂಥವರ ಪಾಲಿಗೆ ಮನೆಯ ಪೆಟ್ಟಿಗೆಯ ತಳದಲ್ಲಿ ಉಳಿದ ಒಂದು ಹಾಳೆಯೇ ದೊಡ್ಡ ಆಧಾರವಾಯಿತು. ಹಿರಿಯರ ಕಾಗದಪತ್ರಗಳನ್ನು ಹಳೆಯ ರದ್ದಿಯೆಂದು ಎಸೆಯದೆ ಕಾಪಾಡುವುದು ಯಾವ ದೇಶದ ಗೃಹಸ್ಥರಿಗಾದರೂ ಒಪ್ಪುವ ನಡತೆ.

ಇಬ್ಬರು ಸೈನಿಕರು, ಒಂದು ಧ್ವಜ, ಇಪ್ಪತ್ತನಾಲ್ಕು ಸ್ವರಗಳು: ಇದಕ್ಕೆ ತಗಲುವ ವೆಚ್ಚವು ಅಲ್ಪ, ಹಿಡಿಯುವ ಕಾಲವು ಕೆಲವೇ ನಿಮಿಷ. ಆದರೆ ತನ್ನ ತಂದೆಯು ಹರೆಯದಲ್ಲಿ ಮಾಡಿದ ಸೇವೆಯನ್ನು ದೇಶವು ಅವನ ಮುಪ್ಪಿನ ಕೊನೆಯವರೆಗೂ ಮರೆಯಲಿಲ್ಲವೆಂಬ ನೆಮ್ಮದಿಯು, ಆ ಮಡಿಸಿದ ಧ್ವಜದೊಡನೆ ಮಗನ ಮನೆಗೆ ಸೇರುವುದು.