ಹನ್ನೆರಡು ಮೀಸೆ ಮೀನು, ಓದದ ಒಂದು ಮೆಸೇಜು

ಕಳೆದ ವರ್ಷ ಜುಲೈ ತಿಂಗಳ ಒಂದು ಭಾನುವಾರ. ಪುಣೆಯಲ್ಲಿ ನಾಲ್ಕು ದಿನದಿಂದ ಬಿಡದೆ ಮಳೆ. ಬೆಳಿಗ್ಗೆ ನಾನಿನ್ನೂ ಹಾಸಿಗೆಯಲ್ಲಿದ್ದೆ, ಹಾಲ್‌ನಿಂದ ಮಗಳ ದನಿ ಕೇಳಿತು.

"ಅಪ್ಪಾ, ಇವತ್ತು ಎಲ್ಲರೂ ಯಾಕೆ ಮಲಗಿದಾರೆ?"

ಎರಡನೇ ಕ್ಲಾಸಿನ ಹುಡುಗಿ. ದಿನಾ ಬೆಳಿಗ್ಗೆ ಹಾಲಿನ ಲೋಟ ಹಿಡಿದುಕೊಂಡು ಮೀನು ಎಣಿಸುವುದು ಅವಳ ಕೆಲಸ. ಎದ್ದು ಬಂದು ನೋಡಿದೆ. ಹನ್ನೆರಡರಲ್ಲಿ ಒಂಬತ್ತು ಮರಳಿನ ಮೇಲೆ ಹೊಟ್ಟೆ ಮೇಲಾಗಿ ಬಿದ್ದಿದ್ದವು. ಮೂರು ಮಾತ್ರ ಫಿಲ್ಟರ್‌ನ ಗುಳ್ಳೆಗಳ ಹತ್ತಿರ ನಿಂತು ಜೋರಾಗಿ ಉಸಿರಾಡುತ್ತಿದ್ದವು.

ಅವು ಬ್ರಾಂಜ್ ಕೋರಿಡೋರಾಸ್. ದಕ್ಷಿಣ ಅಮೆರಿಕ ಮೂಲದ, ಎರಡೂವರೆ ಇಂಚಿನ ಪುಟ್ಟ ಕ್ಯಾಟ್‌ಫಿಶ್. ನಮ್ಮ ಮಲೆನಾಡಿನ ಗದ್ದೆಯ ಮುರುಗೋಡಿನ ದೂರದ ನೆಂಟ ಅನ್ನಬಹುದು. ಅದರ ಹಾಗೇ ಬಾಯಿಯ ಸುತ್ತ ಮೀಸೆ, ತಳದಲ್ಲೇ ಓಡಾಟ. ನಾಲ್ಕು ವರ್ಷದಿಂದ ನಮ್ಮ ಮೂರಡಿಯ ತೊಟ್ಟಿಯಲ್ಲಿದ್ದವು. ಎರಡು ಸಲ ಮೊಟ್ಟೆಯಿಟ್ಟು ಮರಿ ಮಾಡಿದ್ದವು. ಮೊದಲ ಮರಿಗಳನ್ನು ಅಪಾರ್ಟ್‌ಮೆಂಟಿನ ಮೂರು ಮನೆಗೆ ಹಂಚಿದ್ದೆವು. ಹನ್ನೊಂದು ವರ್ಷ ಇದೇ ಕಟ್ಟಡದಲ್ಲಿದ್ದರೂ ಆ ಮೂರು ಮನೆಯವರ ಹೆಸರು ನನಗೆ ಗೊತ್ತಾದದ್ದು ಈ ಮೀನುಗಳಿಂದಲೇ.

ಕುಣಿತ ಅಂದುಕೊಂಡೆ

ಊರಲ್ಲಿ ಮುಂಗಾರಿನ ಮೊದಲ ಮಳೆಗೆ ಹತ್ತುಮೀನು ಏರುವುದನ್ನು ನೀವು ನೋಡಿರಬಹುದು. ಹೊಸ ನೀರು ಹರಿದರೆ ಸಾಕು, ಹೊಳೆಯ ಮೀನು ಹಳ್ಳ ಹತ್ತಿ ಗದ್ದೆಯವರೆಗೂ ಬಂದು ಮೊಟ್ಟೆಯಿಡುತ್ತವೆ. ಕೋರಿಡೋರಾಸ್‌ಗಳದ್ದೂ ಅದೇ ಕಥೆ. ಮಳೆಗಾಲ ಬಂತು, ತಣ್ಣನೆಯ ಹೊಸ ನೀರು ಬಂತು ಅನ್ನಿಸಿದರೆ ಅವು ಮರಿ ಮಾಡಲು ತಯಾರಾಗುತ್ತವೆ. ಅದಕ್ಕೇ ಸಾಕುವವರು ಅರ್ಧದಷ್ಟು ನೀರು ತೆಗೆದು, ಮೂರು ನಾಲ್ಕು ಡಿಗ್ರಿ ತಣ್ಣಗಿರುವ ನೀರು ತುಂಬಿಸುತ್ತಾರೆ. ಹಿಂದಿನ ಎರಡು ಸಲವೂ ನಾನು ಮಾಡಿದ್ದು ಅಷ್ಟೇ. ಮರುದಿನ ಬೆಳಿಗ್ಗೆ ಗಾಜಿನ ಮೇಲೆ ಸಾಬೂದಾನಿಯ ಪುಟ್ಟ ಕಾಳಿನಂಥ ಮೊಟ್ಟೆಗಳು ಅಂಟಿರುತ್ತಿದ್ದವು.

ಆ ಶನಿವಾರ ರಾತ್ರಿಯೂ ಹಾಗೇ ಮಾಡಿದೆ. ಪ್ರತಿ ಬಕೆಟ್‌ಗೂ ಯಾವಾಗಿನಂತೆ ಅಳತೆ ಮಾಡಿ ಆಂಟಿ-ಕ್ಲೋರಿನ್ ಹಾಕಿ ಸುರಿದೆ. ಹತ್ತು ನಿಮಿಷದಲ್ಲಿ ಮೀನುಗಳು ಗಾಜಿನುದ್ದಕ್ಕೂ ಮೇಲೆ ಕೆಳಗೆ ಓಡಾಡತೊಡಗಿದವು. ಸರ್ರನೆ ಮೇಲೆ ಹೋಗಿ ಗಾಳಿ ಗುಟುಕರಿಸಿ ಬರುತ್ತಿದ್ದವು. ಕೋರಿಡೋರಾಸ್‌ಗಳು ಮಾಮೂಲಿನಲ್ಲೂ ಗಾಳಿ ನುಂಗುತ್ತವೆ. ಕರುಳಿನ ಮೂಲಕವೂ ಅವಕ್ಕೆ ಆಮ್ಲಜನಕ ಸಿಗುತ್ತದೆ. ಮೊಟ್ಟೆಯಿಡುವ ಮುನ್ನ ಗಾಜಿನುದ್ದಕ್ಕೂ ಓಡಾಡುವುದೂ ಇದ್ದದ್ದೇ. ನಾನು ಖುಷಿಯಿಂದ ವಿಡಿಯೋ ಮಾಡಿ ಶಿವಮೊಗ್ಗದಲ್ಲಿರುವ ತಮ್ಮನಿಗೆ ಕಳಿಸಿದೆ. "ನಾಳೆ ಮೊಟ್ಟೆ ಗ್ಯಾರಂಟಿ" ಎಂದು ಬರೆದು ಮಲಗಲು ಹೋದೆ.

ಅವು ಉಸಿರಿಗಾಗಿ ಒದ್ದಾಡುತ್ತಿದ್ದವು. ಆ ವಿಡಿಯೋ ಇನ್ನೂ ಫೋನಿನಲ್ಲಿದೆ. ಅಳಿಸಿಲ್ಲ, ಮತ್ತೆ ನೋಡಿಯೂ ಇಲ್ಲ.

ಯಾರ ತಪ್ಪು?

ಉಳಿದ ಮೂರನ್ನು ಬದುಕಿಸಬೇಕಿತ್ತು. ಅಕ್ವೇರಿಯಂ ಅಂಗಡಿಯವರಿಗೆ ಫೋನ್ ಮಾಡಿದೆ. ಅವರ ಮೊದಲ ಪ್ರಶ್ನೆ, "ನಿನ್ನೆ ನೀರು ಬದಲಿಸಿದ್ರಾ?" ಎರಡನೆಯದು, "ಉಳಿದ ನೀರು ಇದೆಯಾ?" ಬಾತ್‌ರೂಮಿನಲ್ಲಿ ಅರ್ಧ ಬಕೆಟ್ ಇತ್ತು. ಅವರು ಕೊಟ್ಟ ಕ್ಲೋರಿನ್ ಪರೀಕ್ಷೆಯ ಹನಿ ಹಾಕಿದರೆ, ಆಂಟಿ-ಕ್ಲೋರಿನ್ ಬೆರೆಸಿದ್ದ ಆ ನೀರೂ ಗಾಢ ಹಳದಿಗೆ ತಿರುಗಿತು.

ನನಗೆ ಸಿಟ್ಟು ಬಂತು. ನೇರ ಸೊಸೈಟಿಯ ಸೆಕ್ರೆಟರಿ ಕಾಕಾ ಅವರ ಮನೆ ಬಾಗಿಲು ತಟ್ಟಿದೆ. ಅವರು ಸಮಾಧಾನವಾಗಿ ಕೇಳಿಸಿಕೊಂಡು, ಕನ್ನಡಕ ಹಾಕಿಕೊಂಡು ಫೋನ್ ತೆಗೆದರು. "ಮೆಸೇಜ್ ಟಾಕಲಾ ಹೋತಾ ನಾ" ಎಂದು ತೋರಿಸಿದರು. ಶುಕ್ರವಾರ ಸಂಜೆಯೇ ಹಾಕಿದ್ದರು: ಶನಿವಾರ ಸಂಪು ತೊಳೆದು ಬ್ಲೀಚಿಂಗ್ ಪೌಡರ್ ಹಾಕುತ್ತೇವೆ, ಭಾನುವಾರ ಮಧ್ಯಾಹ್ನದವರೆಗೆ ನೀರು ಕುಡಿಯಲು ಬಳಸಬೇಡಿ. ಮರಾಠಿಯಲ್ಲಿತ್ತು. ಆ ಗುಂಪನ್ನು ನಾನು ಎರಡು ವರ್ಷದ ಹಿಂದೆಯೇ ಮ್ಯೂಟ್ ಮಾಡಿದ್ದೆ.

ಸಂಜೆ ಸ್ನಾನ ಮಾಡಿ ಬಂದ ಹೆಂಡತಿ "ನೀರು ಬ್ಲೀಚಿಂಗ್ ವಾಸನೆ ಬರ್ತಿದೆ ರೀ" ಅಂದಿದ್ದಳು. "ಮಳೆಗಾಲ ಅಲ್ವಾ" ಅಂದಿದ್ದೆ. ಅದೂ ಆಗ ನೆನಪಾಯಿತು.

ಆಫೀಸಿನಲ್ಲಿ ಸರ್ವರ್ ಬಿದ್ದರೆ ನಾವು 'ಬ್ಲೇಮ್‌ಲೆಸ್ ಪೋಸ್ಟ್‌ಮಾರ್ಟಮ್' ಬರೆಯುತ್ತೇವೆ. ಯಾರ ಹೆಸರನ್ನೂ ಹೇಳದೆ, ವ್ಯವಸ್ಥೆಯಲ್ಲಿ ಏನು ತಪ್ಪಿತ್ತು ಅಂತ ಮಾತ್ರ ನೋಡುವುದು. ಒಳ್ಳೆಯ ಪದ್ಧತಿ. ಆದರೆ ಆ ಬಾಗಿಲ ಮುಂದೆ ನಿಂತಾಗ ನನಗೆ ಗೊತ್ತಾಗಿತ್ತು: ಇಲ್ಲಿ ಹೇಳಬೇಕಾದ ಹೆಸರು ಒಂದೇ, ನನ್ನದು.

ನೀರಿನಲ್ಲಿ ಆದದ್ದೇನು

ಮೀನು ಸಾಕುವ ಓದುಗರಿಗೆ ಇದು ಉಪಯೋಗವಾಗಬಹುದು. ಕುಡಿಯುವ ನೀರಿನಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು ಎನ್ನುತ್ತದೆ ಭಾರತೀಯ ಮಾನದಂಡ. ನಮಗೆ ಅದು ರಕ್ಷಣೆ. ಮೀನಿಗೆ ಹಾಗಲ್ಲ, ಅದರ ಕಿವಿರನ್ನೇ ಕ್ಲೋರಿನ್ ಸುಡುತ್ತದೆ. ನಾವು ಹಾಕುವ ಆಂಟಿ-ಕ್ಲೋರಿನ್ ಸಾಮಾನ್ಯವಾಗಿ ಸೋಡಿಯಂ ಥಯೋಸಲ್ಫೇಟ್. ಮಾಮೂಲಿ ನೀರಿಗೆ ಹಾಕುವ ಅಳತೆ, ಆಗಷ್ಟೇ ಬ್ಲೀಚಿಂಗ್ ಸುರಿದ ಸಂಪಿನ ನೀರಿಗೆ ಎಲ್ಲಿ ಸಾಕಾಗುತ್ತದೆ?

ಇನ್ನೊಂದು ಅಪಾಯ ಮರುದಿನದ್ದು. ಫಿಲ್ಟರ್‌ನಲ್ಲಿ ಬೆಳೆದ ಒಳ್ಳೆಯ ಬ್ಯಾಕ್ಟೀರಿಯಾಗಳು ಮೀನಿನ ಮಲದಿಂದ ಬರುವ ಅಮೋನಿಯಾವನ್ನು ಕರಗಿಸುತ್ತಿರುತ್ತವೆ. ಕ್ಲೋರಿನ್ ಅವನ್ನೂ ಕೊಲ್ಲುತ್ತದೆ. ಹಾಗಾಗಿ ಮೊದಲ ಹೊಡೆತದಲ್ಲಿ ಉಳಿದ ಮೀನು ಮೂರನೇ ದಿನ ಅಮೋನಿಯಾದಿಂದ ಸಾಯಬಹುದು.

ಹೀಗೇನಾದರೂ ಆದರೆ ಮೊದಲು ಆಂಟಿ-ಕ್ಲೋರಿನ್ ಹಾಕಿ, ಗಾಳಿಯ ಪಂಪು ಜೋರು ಮಾಡಿ. ಸತ್ತದ್ದನ್ನು ಕೂಡಲೇ ತೆಗೆಯಿರಿ. ಸಾಧ್ಯವಾದರೆ ಬೇರೆಯವರ ಆರೋಗ್ಯವಾದ ತೊಟ್ಟಿಯಿಂದ ನೀರು ಮತ್ತು ಬಳಸಿದ ಸ್ಪಂಜು ಫಿಲ್ಟರ್ ತನ್ನಿ. ಅಂಗಡಿಯವರು ನನಗೆ ಎರಡು ಕ್ಯಾನ್ ನೀರು, ಒಂದು ಹಳೆಯ ಸ್ಪಂಜು ಕೊಟ್ಟು ದುಡ್ಡು ತೆಗೆದುಕೊಳ್ಳಲಿಲ್ಲ. ಬೇಸರದಲ್ಲಿ "ಸಹವಾಸವೇ ಬೇಡ" ಅಂತ ಉಳಿದವನ್ನು ಕೆರೆಗೋ ನದಿಗೋ ಬಿಡಬೇಡಿ. 'ಸಕ್ಕರ್' ಎಂದು ಮಾರುವ ಇನ್ನೊಂದು ಜಾತಿಯ ಕ್ಯಾಟ್‌ಫಿಶ್ ಹಾಗೆ ಬಿಟ್ಟೇ ನಮ್ಮ ದೇಶದ ಎಷ್ಟೋ ಕೆರೆಗಳಲ್ಲಿ ತುಂಬಿಕೊಂಡು ಬೆಸ್ತರ ಬಲೆ ಹರಿಯುತ್ತಿದೆ.

ಮೂರರಲ್ಲಿ ಒಂದು ಮಂಗಳವಾರ ಹೋಯಿತು. ಎರಡು ಉಳಿದವು.

ಮೀನಿಗೆ ಅಳ್ತಾರೇನೋ?

ಮಗಳಿಗೆ ಮೊದಲು ಹೇಳಿದ್ದು ಸುಳ್ಳು. "ಹುಷಾರಿರಲಿಲ್ಲ ಪುಟ್ಟಿ" ಅಂದೆ. ಅವಳು ಒಪ್ಪಿಕೊಂಡಳು. ಆಮೇಲೆ ಅವಳು ನಮ್ಮ ಮರಿ ತೆಗೆದುಕೊಂಡಿದ್ದ ಎದುರು ಮನೆಗೆ ಹೋಗಿ "ನಿಮ್ಮ ಮೀನಿಗೂ ಜ್ವರ ಬರುತ್ತೆ, ನೋಡ್ಕೊಳ್ಳಿ" ಎಂದು ಎಚ್ಚರಿಸಿ ಬಂದಳಂತೆ. ರಾತ್ರಿ ಕೂರಿಸಿಕೊಂಡು ನಿಜ ಹೇಳಿದೆ. ನೀರು ಸರಿ ಇರಲಿಲ್ಲ, ನಾನು ನೋಡಿಕೊಳ್ಳಬೇಕಿತ್ತು, ನೋಡಲಿಲ್ಲ. ಅವಳು ತುಂಬಾ ಹೊತ್ತು ಸುಮ್ಮನಿದ್ದು, "ನೀನು ಬೇಕಂತ ಮಾಡಿಲ್ಲ ಅಲ್ವಾ?" ಅಂದಳು. ಇಲ್ಲ ಅಂದೆ. "ಆದ್ರೂ ಅವ್ರಿಗೆ ನೋವಾಯ್ತಲ್ಲ" ಅಂದಳು. ಅದಕ್ಕೆ ನನ್ನ ಹತ್ತಿರ ಉತ್ತರವಿರಲಿಲ್ಲ. ಬಾಲ್ಕನಿಯ ದಾಸವಾಳದ ದೊಡ್ಡ ಕುಂಡದಲ್ಲಿ ಒಂಬತ್ತನ್ನೂ ಹುಗಿದಿದ್ದೆವು. ಹತ್ತನೆಯದನ್ನು ಅವಳೇ ಹುಗಿದಳು.

ಆಫೀಸಿನಲ್ಲಿ ಯಾರಿಗೂ ಹೇಳಲಿಲ್ಲ. ನಾಯಿ ಸತ್ತರೆ ಜನಕ್ಕೆ ಅರ್ಥವಾಗುತ್ತದೆ, ಮೀನು ಸತ್ತರೆ ನಗು ಬರುತ್ತದೆ. ಅಮ್ಮನಿಗೆ ಫೋನಿನಲ್ಲಿ ಹೇಳಿದೆ. "ಮೀನು ಸತ್ರೆ ಸಾರು ಮಾಡ್ತಾರೆ ಕಣೋ, ಅಳ್ತಾರೇನೋ?" ಎಂದು ನಕ್ಕರು. ನಾನು ನಗದೇ ಇದ್ದದ್ದಕ್ಕೋ ಏನೋ, ಸ್ವಲ್ಪ ಹೊತ್ತು ಬಿಟ್ಟು ಹೇಳಿದರು: "ನಮ್ಮ ಗೌರಿ ಹಸು ಹೋದಾಗ ನಾನೂ ಎರಡು ದಿನ ಊಟ ಬಿಟ್ಟಿದ್ದೆ. ಆ ದಿನ ಸಂಜೆ ಕೊಟ್ಟಿಗೆ ಕಡೆ ನೋಡ್ಬೇಕಿತ್ತು, ನೋಡ್ಲಿಲ್ಲ ಅಂತ ಈಗ್ಲೂ ಅನ್ಸತ್ತೆ." ಆ ಮಾತು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ.

ಈಗ

ಎರಡು ತಿಂಗಳು ಹೊಸ ಮೀನು ತರಲಿಲ್ಲ. ನೀರು ಪರೀಕ್ಷೆ ಮಾಡಿ, ಅಮೋನಿಯಾ ಸೊನ್ನೆ ತೋರಿಸಿದ ಮೇಲೂ ಮೂರು ವಾರ ಕಾದೆವು. ಕೋರಿಡೋರಾಸ್ ಗುಂಪಿನಲ್ಲಿ ಬದುಕುವ ಮೀನು. ಉಳಿದೆರಡು ಹಗಲಿಡೀ ಗಿಡದ ಮರೆಯಲ್ಲೇ ಇರುತ್ತಿದ್ದವು. ಎದುರು ಮನೆಯ ಅಜ್ಜಿ ಒಂದು ದಿನ ಡಬ್ಬಿಯಲ್ಲಿ ನಾಲ್ಕು ಮೀನು ತಂದುಕೊಟ್ಟರು. ನಾವು ಕೊಟ್ಟಿದ್ದ ಮರಿಗಳೇ, ಈಗ ದೊಡ್ಡವಾಗಿದ್ದವು. ಅವು ತೊಟ್ಟಿಗಿಳಿದ ಮರುದಿನ ಹಳೆಯ ಎರಡೂ ಹೊರಗೆ ಬಂದವು.

ಈಗ ಬಾತ್‌ರೂಮಿನಲ್ಲಿ ಒಂದು ಡ್ರಮ್ ನೀರು ಗಾಳಿಯ ಪಂಪಿನೊಂದಿಗೆ ಇಡೀ ದಿನ ನಿಂತಿರುತ್ತದೆ. ಹನಿ ಹಾಕಿ ನೋಡದೆ ಒಂದು ಚೊಂಬೂ ತೊಟ್ಟಿಗೆ ಹೋಗುವುದಿಲ್ಲ. ಸೊಸೈಟಿಯ ಗುಂಪು ಅನ್‌ಮ್ಯೂಟ್ ಆಗಿದೆ. ನನ್ನ ಮರಾಠಿ ಓದು ಇನ್ನೂ ಕುಂಟುತ್ತದೆ. ಮಗಳು ಶಾಲೆಯಲ್ಲಿ ಕಲಿಯುತ್ತಿದ್ದಾಳೆ. ಹಾಗಾಗಿ ಶನಿವಾರ ಸಂಜೆ ಅವಳು ಗಟ್ಟಿಯಾಗಿ ಓದುತ್ತಾಳೆ: ಲಿಫ್ಟ್ ರಿಪೇರಿ, ಪಾರ್ಕಿಂಗ್ ಜಗಳ, ಗಣೇಶೋತ್ಸವದ ವಂತಿಗೆ. ನಡುವೆ "ಪಾಣ್ಯಾಚಿ ಟಾಕಿ" ಎಂಬ ಮಾತು ಬಂದರೆ ನಿಲ್ಲಿಸಿ, ನನ್ನ ಮುಖ ನೋಡಿ, ಮತ್ತೊಮ್ಮೆ ನಿಧಾನವಾಗಿ ಓದುತ್ತಾಳೆ.