ಬಾಯಿ ಕ್ಯಾನ್ಸರ್ ಹರಡುವುದು ಹೇಗೆ?

ಸಂಘದ ಸದಸ್ಯೆಯರೇ, ಕ್ಯಾನ್ಸರ್ ಹುಟ್ಟಿದ ಜಾಗದಲ್ಲೇ ಇದ್ದರೆ ಚಿಕಿತ್ಸೆ ಸುಲಭ, ಬೇರೆಡೆ ಹರಡಿದರೆ ಕಷ್ಟ. ಯಾಕೆ ಹರಡುತ್ತೆ ಅಂತ ತಿಳಿಯೋಣ.

ಜೀವಕೋಶದ ಡಿ.ಎನ್.ಎ. ನಮ್ಮ ಸಂಘದ ನಡಾವಳಿ ಪುಸ್ತಕವಿದ್ದಂತೆ. ಅದರಿಂದ ನಕಲು ಮಾಡಿದ ಚೀಟಿಯೇ ಆರ್.ಎನ್.ಎ. ಚೀಟಿಯಲ್ಲಿ ಬರೆದಂತೆ ಪ್ರೋಟೀನ್ ತಯಾರಾಗುತ್ತದೆ. ಬೇಕಾದ ಸಾಮಾನು ಹೊತ್ತು ತರುವುದೂ ಇನ್ನೊಂದು ಬಗೆಯ ಆರ್.ಎನ್.ಎ. ಇವುಗಳ ಮೇಲೆ ಮೀಥೈಲ್ ಎಂಬ ಸಣ್ಣ ರಾಸಾಯನಿಕ ಗುರುತು ಅಂಟಿಕೊಳ್ಳುತ್ತದೆ. ಬರಹ ಬದಲಾಗೋದಿಲ್ಲ, ಆದರೆ ಕೆಲಸದ ವೇಗ ಬದಲಾಗುತ್ತೆ.

2022ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್‌ನ ವಿಜ್ಞಾನಿಗಳು ಬಾಯಿ ಕ್ಯಾನ್ಸರಿನ ಕೋಶಗಳನ್ನು ಇಲಿಗಳಲ್ಲಿಟ್ಟು ಪರೀಕ್ಷಿಸಿದರು. ಕೋಶಕ್ಕೆ ಶಕ್ತಿ ಕೊಡುವ ಒಲೆ ಮೈಟೋಕಾಂಡ್ರಿಯಾ. ಅಲ್ಲಿನ ಆರ್.ಎನ್.ಎ.ಗೆ ಈ ಗುರುತು ಬಿದ್ದಾಗ ಒಲೆ ಜೋರಾಗಿ ಉರಿಯಿತು, ಕೋಶಗಳಿಗೆ ಬೇರೆಡೆ ಹೋಗುವ ಬಲ ಬಂತು. ಗುರುತು ಹಾಕುವ ಪ್ರೋಟೀನನ್ನು ತಡೆದಾಗ ಹರಡುವುದು ಕಡಿಮೆಯಾಯಿತು.

ಇದು ಇಲಿಗಳಲ್ಲಿ ಕಂಡದ್ದು, ಔಷಧಿಯಲ್ಲ. ಹರಡುವ ಮೊದಲೇ ಕಂಡುಹಿಡಿಯುವುದು ಮಾತ್ರ ನಮ್ಮ ಕೈಲಿದೆ. ತಂಬಾಕಷ್ಟೇ ಅಲ್ಲ, ಬರೀ ಅಡಿಕೆಯೂ ಕ್ಯಾನ್ಸರ್ ತರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2004ರಲ್ಲೇ ಪ್ರಕಟಿಸಿದೆ. ಎರಡು ವಾರವಾದರೂ ಮಾಗದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಬಾಯಿ ತೆರೆಯಲು ಕಷ್ಟ ಇದ್ದರೆ ನಾಚಿಕೆಪಡದೆ ಆಸ್ಪತ್ರೆಗೆ ತೋರಿಸಿರಿ. ಮುಂದಿನ ಸಭೆಯಲ್ಲಿ ಇದನ್ನು ಓದಿ ಹೇಳಿರಿ.